ಚಳಿಗಾಲದಲ್ಲಿ ಉತ್ತರದ ಹೆದ್ದಾರಿ: ಬೈಕಿನ ಮೇಲೆ ಐದು ಡಿಗ್ರಿ ಎಂದರೆ ಎಷ್ಟು?

ಹೊಸೂರಿನ ಮಕ್ಕಳು ದಿನಾ ನೋಡುವ ಹೆದ್ದಾರಿ ಒಂದಿದೆ. ಮಡಕಶಿರದ ಕಡೆಯವರು ಪೆನುಕೊಂಡಕ್ಕೆ ಹೋದಾಗ ಅದನ್ನೇ ನೋಡಿರುತ್ತೀರಿ. ಅದು ರಾಷ್ಟ್ರೀಯ ಹೆದ್ದಾರಿ 44. ಕನ್ಯಾಕುಮಾರಿಯಿಂದ ಶ್ರೀನಗರದವರೆಗೂ ಒಂದೇ ನಂಬರು. ಆದರೆ ಅದೇ ರಸ್ತೆ ದೆಹಲಿ ದಾಟಿ ಪಾಣಿಪತ್, ಕರ್ನಾಲ್, ಅಂಬಾಲಾ, ಲೂಧಿಯಾನ ಮುಟ್ಟುವ ಹೊತ್ತಿಗೆ, ಡಿಸೆಂಬರ್ ಕೊನೆ ಅಥವಾ ಜನವರಿ ಆಗಿದ್ದರೆ, ನಮಗೆ ಗುರುತೇ ಸಿಗುವುದಿಲ್ಲ. ಒಂದು ಕ್ರಿಸ್‌ಮಸ್ ರಜೆಯಲ್ಲಿ ನಾನೂ ನನ್ನ ಗೆಳೆಯರಾದ ಗಣಿತ ಮಾಷ್ಟ್ರೂ ಬೈಕುಗಳನ್ನು ರೈಲಿನಲ್ಲಿ ದೆಹಲಿಗೆ ಕಳಿಸಿ, ಅಲ್ಲಿಂದ ಅಮೃತಸರಕ್ಕೆ, ಆಮೇಲೆ ಚಂಡೀಗಢ, ಶಿಮ್ಲಾ ಹಾದು ನಾರ್ಕಂಡದವರೆಗೆ ಹೋಗಿಬಂದೆವು. ಊರುಗಳ ವರ್ಣನೆ ಇಲ್ಲಿ ಬೇಡ. ನಿಮ್ಮ ವಿಜ್ಞಾನ ಪಾಠದ ಅರ್ಧ ಭಾಗ ಆ ರಸ್ತೆಯಲ್ಲಿ ಸಿಕ್ಕಿತು, ಅದನ್ನಷ್ಟೇ ಹೇಳುತ್ತೇನೆ.

ಮೊದಲು ಚಳಿಯ ಲೆಕ್ಕ. ನಮ್ಮ ಕಾಸರಗೋಡಿನಲ್ಲಿ 20 ಡಿಗ್ರಿಗೆ ಇಳಿದರೆ ಶಾಲು ಹುಡುಕುತ್ತೇವೆ. ಅಲ್ಲಿ ಬೆಳಗ್ಗೆ 5 ಡಿಗ್ರಿ ಸೆಲ್ಸಿಯಸ್ ಇರುವುದು ಮಾಮೂಲು. ಐದು ಡಿಗ್ರಿಯಲ್ಲಿ ಸ್ವೆಟರ್ ಹಾಕಿ ಅಂಗಳದಲ್ಲಿ ನಿಂತರೆ ತಡೆಯಬಹುದು. ಅದೇ ಸ್ವೆಟರಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ ನೋಡಿ, ಹತ್ತೇ ನಿಮಿಷದಲ್ಲಿ ಬೆರಳು ನಿಮ್ಮದಲ್ಲ ಅನ್ನಿಸುತ್ತದೆ. ಗಾಳಿ ಅದೇ, ಡಿಗ್ರಿಯೂ ಅದೇ. ಹಾಗಾದರೆ ಬದಲಾಗಿದ್ದು ಏನು?

ನಿಮ್ಮ ಮೈಯ ಸುತ್ತ ಯಾವಾಗಲೂ ಗಾಳಿಯ ಒಂದು ತೆಳು ಪದರ ಅಂಟಿಕೊಂಡಿರುತ್ತದೆ. ಮೈಯ ಶಾಖದಿಂದ ಅದು ಬೆಚ್ಚಗಾಗುತ್ತದೆ. ಗಾಳಿ ಉಷ್ಣದ ಅವಾಹಕ, ನೀರಿಗಿಂತ ಸುಮಾರು 25 ಪಟ್ಟು ನಿಧಾನವಾಗಿ ಶಾಖವನ್ನು ದಾಟಿಸುತ್ತದೆ. ಅಂದರೆ ಆ ಪದರ ನಮಗೆ ಕಾಣದ ಕಂಬಳಿ. ಬೈಕು ಓಡುವಾಗ ಎದುರುಗಾಳಿ ಆ ಕಂಬಳಿಯನ್ನು ಕಿತ್ತುಕೊಂಡು ಹೋಗುತ್ತದೆ. ಮೈ ಮತ್ತೆ ಹೊಸ ಗಾಳಿಯನ್ನು ಬಿಸಿ ಮಾಡುತ್ತದೆ, ಅದೂ ಹೋಗುತ್ತದೆ. ಬಿಸಿ ಚಹಾವನ್ನು ಊದಿ ಆರಿಸುತ್ತೀರಲ್ಲ, ಹಾಗೆ ಬೈಕಿನ ಮೇಲೆ ನಮ್ಮನ್ನು ಯಾರೋ ಗಂಟೆಗಟ್ಟಲೆ ಊದುತ್ತಾ ಇದ್ದಾರೆ ಅಂತಲೇ ಇಟ್ಕೊಳ್ಳಿ.

ಇದಕ್ಕೆ ಇಂಗ್ಲಿಷಿನಲ್ಲಿ ವಿಂಡ್ ಚಿಲ್ ಅನ್ನುತ್ತಾರೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದಲ್ಲಿ ಲೆಕ್ಕ ಹಾಕಿದರೆ, 5 ಡಿಗ್ರಿಯಲ್ಲಿ ಗಂಟೆಗೆ 60 ಕಿ.ಮೀ. ಗಾಳಿ ಬರಿಯ ಚರ್ಮಕ್ಕೆ ಸುಮಾರು ಮೈನಸ್ 2ರ ಹಾಗೆ ತಾಗುತ್ತದೆ. ಸೊನ್ನೆ ಡಿಗ್ರಿಯಲ್ಲಾದರೆ ಸುಮಾರು ಮೈನಸ್ 9. ಇಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಮುಂದೆ ಓದುವ ಮೊದಲು ಉತ್ತರ ಯೋಚಿಸಿ. 5 ಡಿಗ್ರಿ ಗಾಳಿಯಲ್ಲಿ 60ರ ವೇಗದಲ್ಲಿ ಹೋಗುವ ಬೈಕಿಗೆ ನೀರು ತುಂಬಿ ಮುಚ್ಚಿದ ಬಾಟಲಿ ಕಟ್ಟಿದರೆ, ನೀರು ಹೆಪ್ಪುಗಟ್ಟುತ್ತದಾ? ಇಲ್ಲ. ನೀರು ಬೇಗ 5 ಡಿಗ್ರಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಗಾಳಿಯೇ 5 ಡಿಗ್ರಿ ಇರುವಾಗ ಅದರಿಂದ ಕೆಳಗೆ ಹೋಗಲು ದಾರಿಯಿಲ್ಲ. ಗಾಳಿ ಬೀಸಿದರೆ ಹೆಚ್ಚುವುದು ಶಾಖ ಕಳೆದುಕೊಳ್ಳುವ ವೇಗ. ನಮ್ಮ ಮೈ 37 ಡಿಗ್ರಿಯಲ್ಲೇ ಇರಬೇಕಾದ ಯಂತ್ರ ಆದ್ದರಿಂದ ಆ ವೇಗ ನಮಗೆ ಪ್ರಾಣದ ಪ್ರಶ್ನೆ, ಬಾಟಲಿಗೆ ಅಲ್ಲ.

ಹಾಗಾಗಿ ಉಡುಪಿನ ಸೂತ್ರ ಸುಲಭ. ಒಳಗೆ ಬೆವರು ಹೀರುವ ಬಟ್ಟೆ, ಮಧ್ಯೆ ಗಾಳಿ ಹಿಡಿದಿಡುವ ಉಣ್ಣೆ, ಹೊರಗೆ ಗಾಳಿ ನುಗ್ಗದ ಜಾಕೆಟ್. ಮೂರು ಸ್ವೆಟರ್ ಹಾಕಿಕೊಂಡು ಹೊರಗಿನ ಪದರ ಬಿಟ್ಟರೆ ಏನೂ ಪ್ರಯೋಜನವಿಲ್ಲ, ಉಣ್ಣೆಯ ತೂತುಗಳಲ್ಲಿ ಗಾಳಿ ಆರಾಮವಾಗಿ ಓಡಾಡುತ್ತದೆ. ಹಳೆಯ ಸವಾರರು ಎದೆಯ ಮೇಲೆ, ಜಾಕೆಟ್ಟಿನ ಒಳಗೆ ದಿನಪತ್ರಿಕೆ ಇಟ್ಟುಕೊಳ್ಳುವುದು ಇದಕ್ಕೇ. ಕಾಗದ ಗಾಳಿ ತಡೆಯುತ್ತದೆ, ಪುಟಗಳ ನಡುವೆ ಗಾಳಿಯನ್ನು ಹಿಡಿದೂ ಇಡುತ್ತದೆ. ನಾನು ಪಾಣಿಪತ್ತಿನಲ್ಲಿ ಕೊಂಡ ಹಿಂದಿ ಪೇಪರು ಓದಲು ಆಗಲಿಲ್ಲ, ಆದರೆ ಅಷ್ಟು ಉಪಯೋಗಕ್ಕೆ ಬಂದ ಪೇಪರು ಇನ್ನೊಂದಿಲ್ಲ.

ಈಗ ಬೆರಳಿನ ವಿಷಯ. ಚಳಿ ಹೆಚ್ಚಾದಾಗ ಮೈ ಒಂದು ತೀರ್ಮಾನ ತೆಗೆದುಕೊಳ್ಳುತ್ತದೆ: ಹೃದಯ, ಮಿದುಳು ಮುಂತಾದ ಒಳಗಿನ ಅಂಗಗಳು ಬೆಚ್ಚಗಿರಲಿ, ಬೆರಳು ಆಮೇಲೆ ನೋಡೋಣ. ಕೈಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ಬೆರಳು ಮರಗಟ್ಟುತ್ತದೆ. ಬ್ರೇಕು, ಕ್ಲಚ್ಚು ಹಿಡಿಯುವುದು ಇದೇ ಬೆರಳುಗಳಿಂದ! ಇನ್ನೂ ಚಳಿ ಏರಿ, ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಎಂದು ಹೆಸರು. ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಕೈ ತಪ್ಪುತ್ತದೆ, ಯೋಚನೆ ಮಂದವಾಗುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಗುಣವಾಯಿತು ಅಂತ ತಿಳಿಯಬೇಡಿ, ಪರಿಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಇದರಲ್ಲಿ ನಿಜವಾದ ಅಪಾಯ ಏನೆಂದರೆ, ಚಳಿ ಹಿಡಿದವನಿಗೆ ತನಗೆ ಚಳಿ ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳಬೇಕಾದ ಮಿದುಳೇ ಮೊದಲು ಮಂಕಾಗುತ್ತದೆ.

ಕರ್ನಾಲ್ ದಾಟಿದ ಮೇಲೆ ಒಂದು ಢಾಬಾದ ಮುಂದೆ ನಿಲ್ಲಿಸಿದಾಗ ಗಣಿತ ಮಾಷ್ಟ್ರಿಗೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಆಗಲಿಲ್ಲ. "ಚಳಿಯಾ ಮಾಷ್ಟ್ರೇ?" ಎಂದೆ. "ಎಂತ ಇಲ್ಲ, ಹೋಗುವ" ಅಂದರು, ಆದರೆ ಆ ಮೂರು ಪದ ಎಳೆದು ಎಳೆದು ಬಂತು. ನನಗೆ ಏನು ಹೊಳೆಯಿತೋ, "ಹದಿನೇಳಾರ್ಲಿ ಎಷ್ಟು?" ಎಂದು ಕೇಳಿದೆ. ಇಪ್ಪತ್ತರವರೆಗಿನ ಮಗ್ಗಿಯನ್ನು ನಿದ್ದೆಯಲ್ಲೂ ಹೇಳುವ ಮನುಷ್ಯ ಸುಮ್ಮನೆ ನನ್ನ ಮುಖ ನೋಡುತ್ತಾ ನಿಂತರು. ಅಲ್ಲಿಗೆ ಅವತ್ತಿನ ಬೆಳಗಿನ ಪ್ರಯಾಣ ಮುಗಿಯಿತು. ಢಾಬಾದವರು ಒಳಗೆ ಮಂಚ ಕೊಟ್ಟರು, ರಜಾಯಿ ಕೊಟ್ಟರು. ಬೆವರಿನಿಂದ ಒದ್ದೆಯಾಗಿದ್ದ ಒಳಬನಿಯನ್ನು ಬದಲಿಸಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ಎರಡು ಲೋಟ ಕುಡಿಸಿದ ಮೇಲೆ, ಮುಕ್ಕಾಲು ಗಂಟೆ ಕಳೆದು, ಕೇಳದೆಯೇ "ನೂರ ಎರಡು" ಎಂದರು.

ಆಮೇಲೆ ನಮ್ಮದೊಂದು ನಿಯಮ ಆಯಿತು. ಪ್ರತಿ 40 ನಿಮಿಷಕ್ಕೆ ನಿಲ್ಲುವುದು, ಒಬ್ಬರು ಇನ್ನೊಬ್ಬರಿಗೆ ಒಂದು ಮಗ್ಗಿ ಕೇಳುವುದು. ತಡವರಿಸಿದರೆ ಆ ದಿನ ಅಲ್ಲೇ ವಸತಿ. ಜೊತೆಗೊಬ್ಬ ಗೆಳೆಯ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ಗೊತ್ತಿಲ್ಲ. ಇನ್ನೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರಗಟ್ಟಿದ ಕೈಯನ್ನು ಬೆಂಕಿಗೆ ಹತ್ತಿರ ಹಿಡಿಯಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆ ಎನ್ನುವುದೂ ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಶಾಖ ಹೊರಗೆ ಬರುತ್ತದೆ. ಬೆಚ್ಚಗೆ ಅನ್ನಿಸುವುದು ಮೈ ಶಾಖ ಕಳೆದುಕೊಳ್ಳುತ್ತಿರುವುದರ ಗುರುತು.

ಚಳಿಗಿಂತ ದೊಡ್ಡ ಶತ್ರು ಮಂಜು. ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ಬಿಹಾರದ ಬಯಲಿಗೆ ಚಳಿಗಾಲದಲ್ಲಿ ಪಶ್ಚಿಮದ ಕಡೆಯಿಂದ ಆಗಾಗ ಮೋಡ, ಮಳೆ ಬರುತ್ತದೆ. ಅದು ಹೋದ ಮೇಲೆ ಆಕಾಶ ತಿಳಿ, ನೆಲ ಒದ್ದೆ, ಗೋಧಿ ಹೊಲಗಳಿಗೆ ನೀರು ಬಿಟ್ಟಿರುತ್ತಾರೆ, ರಾತ್ರಿ ಉದ್ದ, ಗಾಳಿ ಇಲ್ಲ. ಮೋಡದ ಹೊದಿಕೆ ಇಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೀಲಗಿರಿಯ ಮಕ್ಕಳಿಗೆ ಇದು ಗೊತ್ತು, ಜನವರಿಯ ಬೆಳಗ್ಗೆ ಊಟಿಯ ಹುಲ್ಲಿನ ಮೇಲೆ ಬಿಳಿ ಹಿಮ ಕೂರುವುದೂ ಇದೇ ಕಾರಣಕ್ಕೆ. ಬಯಲಿನಲ್ಲಿ ನೆಲಕ್ಕೆ ತಾಗಿದ ತೇವದ ಗಾಳಿ ಇಬ್ಬನಿ ಬಿಂದುವಿಗೆ ಇಳಿದಾಗ ನೀರಾವಿ ಸಣ್ಣ ಹನಿಗಳಾಗಿ ಸಾಂದ್ರೀಕರಿಸಿ ತೇಲುತ್ತದೆ. ಅದೇ ಮಂಜು. ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ. ಮುಚ್ಚಳ ಹಾಕಿದ ಹಾಗೆ ಮಂಜು ಅಲ್ಲೇ ಕೂರುತ್ತದೆ, ಕೆಲವೊಮ್ಮೆ ಹಗಲಿಡೀ.

ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 200 ಮೀಟರಿನ ಒಳಗೆ ಮಾತ್ರ ಕಾಣುತ್ತಿದ್ದರೆ ದಟ್ಟ ಮಂಜು, 50 ಮೀಟರಿಗೂ ಕಡಿಮೆಯಾದರೆ ಅತಿ ದಟ್ಟ ಮಂಜು. ಗಣಿತ ಮಾಷ್ಟ್ರು ಢಾಬಾದ ಬಿಲ್ಲಿನ ಹಿಂದೆ ಹಾಕಿದ ಲೆಕ್ಕ ಇಲ್ಲಿದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರು ಲಾರಿ ಕಂಡು ಬ್ರೇಕು ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೆ 17 ಮೀಟರ್ ಹೋಯಿತು. ಮಂಜಿನಿಂದ ಒದ್ದೆಯಾದ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೆ 4 ಮೀ/ಸೆ.ನಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ, ನಿಲ್ಲಲು ಇನ್ನು 35 ಮೀಟರ್ ಬೇಕು. ಒಟ್ಟು 52. ಕಾಣುವುದು 50! ಬೆರಳು ಮರಗಟ್ಟಿ ಎರಡು ಸೆಕೆಂಡ್ ಆದರೆ 69. ಈಗ ವೇಗವನ್ನು 30ಕ್ಕೆ ಇಳಿಸಿ. ಯೋಚಿಸುವಾಗ 8 ಮೀಟರ್, ಬ್ರೇಕಿಗೆ 9 ಮೀಟರ್, ಒಟ್ಟು 17ರಲ್ಲಿ ನಿಂತಿರಿ. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗವಾಗುತ್ತದೆ, ಏಕೆಂದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಪರೀಕ್ಷೆಗೆ ಬಾಯಿಪಾಠ ಮಾಡುವ ½mv² ಇಲ್ಲಿ ಪ್ರಾಣ ಉಳಿಸುತ್ತದೆ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಅನ್ನಿಸಬಹುದು. ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಹನಿಗಳು ಬೆಳಕನ್ನು ಚದುರಿಸಿ ನಿಮ್ಮ ಕಣ್ಣಿಗೇ ವಾಪಸು ಕಳಿಸುತ್ತವೆ. ಲೋ ಬೀಮ್ ನೆಲಕ್ಕೆ ಬೀಳುವುದರಿಂದ ಅದೇ ವಾಸಿ. ಹಳದಿ ದೀಪ ಮಂಜನ್ನು ತೂರಿಕೊಂಡು ಹೋಗುತ್ತದೆ ಎಂಬ ಮಾತಿಗೂ ಆಧಾರ ಕಡಿಮೆ. ಮಂಜಿನ ಹನಿಗಳು ಬೆಳಕಿನ ತರಂಗದೂರಕ್ಕಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ ಸಾಕ್ಷಿ. ಹೆಲ್ಮೆಟ್ಟಿನ ಗಾಜಿನ ಒಳಗೆ ನಿಮ್ಮ ಉಸಿರೇ ಇನ್ನೊಂದು ಮಂಜು ಮಾಡುತ್ತದೆ. ಗಾಜಿಗೆ ಸ್ವಲ್ಪ ಸಾಬೂನು ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ನೀರಿನ ಮೇಲ್ಮೈ ಎಳೆತ ಕಡಿಮೆಯಾಗಿ, ಹನಿ ಕಟ್ಟುವ ಬದಲು ತೆಳುವಾಗಿ ಹರಡುತ್ತದೆ, ದಾರಿ ಕಾಣುತ್ತದೆ. ಕನ್ನಡಕ ಹಾಕುವವರು ಮನೆಯಲ್ಲೇ ಮಾಡಿ ನೋಡಿ.

ಚಂಡೀಗಢ ಬಿಟ್ಟು ಬೆಟ್ಟ ಹತ್ತಿದಾಗ ನಮಗೆ ಆಶ್ಚರ್ಯ. ಎತ್ತರಕ್ಕೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ನಾವೇ ಪಾಠ ಮಾಡುತ್ತೇವೆ. ಆದರೆ ಕೆಳಗೆ ಬಯಲು ಮಂಜಿನಲ್ಲಿ ಮುಳುಗಿ ನಡುಗುತ್ತಿದ್ದರೆ, 2,200 ಮೀಟರ್ ಎತ್ತರದ ಶಿಮ್ಲಾದಲ್ಲಿ ಜನ ಬಿಸಿಲು ಕಾಯಿಸುತ್ತಾ ಕಡಲೆಕಾಯಿ ತಿನ್ನುತ್ತಿದ್ದರು. ಮಂಜಿನ ಮುಚ್ಚಳದ ಮೇಲೆ ಬಂದಿದ್ದೆವು, ಅಷ್ಟೇ.

ಬೆಟ್ಟದ ಅಪಾಯ ಬೇರೆ. ಹಗಲು ಕರಗಿದ ಹಿಮದ ನೀರು ರಸ್ತೆಗೆ ಹರಿದು, ರಾತ್ರಿ ತೆಳು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಡಾಂಬರಿನ ಕಪ್ಪು ಅದರೊಳಗಿಂದಲೇ ಕಾಣುವುದರಿಂದ ಅದಕ್ಕೆ ಬ್ಲ್ಯಾಕ್ ಐಸ್ ಎನ್ನುತ್ತಾರೆ. ಬಿಸಿಲು ಬೀಳದ ತಿರುವುಗಳಲ್ಲಿ, ಕೆಳಗಿನಿಂದಲೂ ಗಾಳಿ ತಾಗುವ ಸೇತುವೆಗಳ ಮೇಲೆ ಹೆಚ್ಚು. ಒಣ ಡಾಂಬರಿನಲ್ಲಿ ಘರ್ಷಣಾಂಕ ಸುಮಾರು 0.7, ಮಂಜುಗಡ್ಡೆಯ ಮೇಲೆ ಸುಮಾರು 0.1. ಏಳರಲ್ಲಿ ಒಂದು ಪಾಲು! ಎರಡು ಚಕ್ರದ ಗಾಡಿ ತಿರುವಿನಲ್ಲಿ ವಾಲಿ ನಿಲ್ಲುವುದು ಘರ್ಷಣೆಯ ಬಲದಿಂದ. ಅದಿಲ್ಲದಿದ್ದರೆ ಯಾವ ಜಾಣ್ಮೆಯೂ ಕೆಲಸಕ್ಕೆ ಬಾರದು. ಬಿಸಿಲು ಬಂದು ಹತ್ತು ಗಂಟೆ ಆಗುವವರೆಗೆ ನಾವು ಹೊರಡಲೇ ಇಲ್ಲ.

ಟಯರಿನ ಗಾಳಿಯ ಬಗ್ಗೆ ಒಂದು ಲೆಕ್ಕ ನಿಮಗೆ ಬಿಡುತ್ತೇನೆ. ಊರಲ್ಲಿ 27 ಡಿಗ್ರಿಯಲ್ಲಿ 29 ಪಿಎಸ್‌ಐ ತುಂಬಿಸಿದ ಟಯರು ಸಮುದ್ರಮಟ್ಟದಲ್ಲಿಯೇ ಸೊನ್ನೆ ಡಿಗ್ರಿಗೆ ತಣಿದರೆ ಮೀಟರು ಸುಮಾರು 25 ತೋರಿಸುತ್ತದೆ. ಆದರೆ ಅದೇ ಸೊನ್ನೆ ಡಿಗ್ರಿಯಲ್ಲಿ, 2,700 ಮೀಟರ್ ಎತ್ತರದ ನಾರ್ಕಂಡದಲ್ಲಿ, ಮತ್ತೆ 29ರ ಹತ್ತಿರ ತೋರಿಸುತ್ತದೆ. ಯಾಕೆ? ಸುಳಿವು: ಮೀಟರು ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹೊರಗಿನ ಒತ್ತಡ ಸಮುದ್ರಮಟ್ಟದಲ್ಲಿ 14.7, ಅಲ್ಲಿ ಸುಮಾರು 10.6. ಉಷ್ಣತೆಯನ್ನು ಕೆಲ್ವಿನ್‌ಗೆ ಬದಲಿಸಲು ಮರೆಯಬೇಡಿ.

ರಾತ್ರಿಯ ವಿಷಯ ಒಂದು ಉಳಿದಿದೆ, ನೀಲಗಿರಿಯ ಓದುಗರು ಎರಡು ಸಲ ಓದಿ. ಉತ್ತರದಲ್ಲಿ ಚಳಿಗೆ ಅಂಗೀಠಿ ಎಂಬ ಇದ್ದಿಲ ಒಲೆಯನ್ನು ಕೋಣೆಯೊಳಗೆ ಇಟ್ಟು ಬಾಗಿಲು, ಕಿಟಕಿ ಮುಚ್ಚಿ ಮಲಗುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ. ಪ್ರತಿ ಚಳಿಗಾಲದಲ್ಲೂ ಇಂಥ ಸಾವಿನ ಸುದ್ದಿ ಬರುತ್ತದೆ. ನಾರ್ಕಂಡದಲ್ಲಿ ನಮಗೂ ಒಲೆ ತಂದುಕೊಟ್ಟರು. ಕೈ ಕಾಯಿಸಿಕೊಂಡು, ಮಲಗುವ ಮೊದಲು ಹೊರಗಿಟ್ಟೆವು.

ಇನ್ನು ನೀವು ಮಾಡುವ ಪ್ರಯೋಗ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಸಮಪ್ರಮಾಣ ಬಿಸಿನೀರು ಹಾಕಿ, ತಟ್ಟೆ ಮುಚ್ಚಿ. ಒಂದು ಫ್ಯಾನಿನ ಎದುರು, ಇನ್ನೊಂದು ಗಾಳಿಯಾಡದ ಮೂಲೆಯಲ್ಲಿ. ಐದೈದು ನಿಮಿಷಕ್ಕೆ ತಾಪಮಾಪಕ ಇಟ್ಟು ಬರೆದುಕೊಳ್ಳಿ, ಗ್ರಾಫ್ ಎಳೆಯಿರಿ. ಎರಡನೇ ದಿನ ಫ್ಯಾನಿನ ಎದುರಿನ ಲೋಟಕ್ಕೆ ದಿನಪತ್ರಿಕೆ ಸುತ್ತಿ ಮಾಡಿ. ಮೂರನೇ ದಿನ ಅದೇ ಲೋಟಕ್ಕೆ ಒದ್ದೆ ಬಟ್ಟೆ ಸುತ್ತಿ ಮಾಡಿ. ಈ ಸಲ ನೀರು ಕೋಣೆಯ ಉಷ್ಣತೆಗಿಂತಲೂ ಕೆಳಗೆ ಹೋಗುತ್ತದಾ ಅಂತ ನೋಡಿ, ಹೋದರೆ ಕಾರಣವನ್ನು ಗ್ರಾಫಿನ ಕೆಳಗೆ ಬರೆಯಿರಿ.