ಓದುಗ ಮೆಚ್ಚಿದ, ವಿಮರ್ಶಕ ಮುಟ್ಟದ ಪುಸ್ತಕಗಳು

ಯಾವುದೇ ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೆ ಹೋದರೂ ಕನ್ನಡಿಗರ ಓದಿನ ನಿಜವಾದ ಚರಿತ್ರೆ ಪುಸ್ತಕಗಳ ಬೆನ್ನಿನ ಮೇಲೆ ಕಾಣುತ್ತದೆ. ಪ್ರಶಸ್ತಿ ಪಡೆದ ಎಷ್ಟೋ ಕೃತಿಗಳ ರಟ್ಟು ಹೊಸದಾಗಿಯೇ ಉಳಿದಿರುತ್ತದೆ. ಹೊಲಿಗೆ ಬಿಟ್ಟು, ಪುಟಗಳ ಮೂಲೆ ಮಡಚಿಕೊಂಡು, ಕೈಯಿಂದ ಕೈಗೆ ದಾಟಿ ಸವೆದಿರುವವು ಪತ್ತೇದಾರಿ ಮತ್ತು ಐತಿಹಾಸಿಕ ಕಾದಂಬರಿಗಳು. ಆದರೆ ಅವುಗಳ ಬಗ್ಗೆ ವಿಮರ್ಶೆಯ ಪುಟಗಳಲ್ಲಿ ಒಂದು ಸಾಲನ್ನು ಹುಡುಕುವುದೂ ಕಷ್ಟ. ‘ಜನಪ್ರಿಯ’ ಎಂಬ ಒಂದೇ ಪದದಲ್ಲಿ ವಿಚಾರಣೆ ಮುಗಿದು ತೀರ್ಪೂ ಹೊರಬಿದ್ದಿರುತ್ತದೆ.

ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟವರನ್ನು ನೆನೆದರೆ ಈ ಮೌನ ಕೃತಘ್ನತೆಯಂತೆ ತೋರುತ್ತದೆ. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿ, ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಕನ್ನಡದ ಹಳದಿ–ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಬಾವುಟ ಪ್ರತಿ ನವೆಂಬರಿನಲ್ಲಿ ಹಾರುತ್ತದೆ. ಕಾದಂಬರಿಗಳ ಪೂರ್ಣ ಪಟ್ಟಿಯನ್ನು ಕೇಳುವವರೂ ವಿರಳ.

ಹಾಗೆಂದು ನಮ್ಮ ಸಾಹಿತ್ಯ ವಲಯ ರಹಸ್ಯವನ್ನೂ ಇತಿಹಾಸವನ್ನೂ ದೂರವಿಟ್ಟಿದೆ ಎನ್ನಲಾಗದು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಅನುಮಾನಾಸ್ಪದ ಸಾವಿದೆ, ತನಿಖೆಗೆ ಬಂದ ಅಧಿಕಾರಿಯಿದ್ದಾನೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೆ ಎರಡು ವರ್ಷ ಮುನ್ನ ಅದೇ ಪ್ರಶಸ್ತಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ ಸಂದಿತ್ತು. ಅಂದರೆ ಲೇಖಕರು ದೊಡ್ಡವರಾದರೆ ಪ್ರಕಾರದ ಮೈಲಿಗೆ ಕಳೆಯುತ್ತದೆ. ಉಳಿದವರ ಪುಸ್ತಕಗಳು ವಿಮರ್ಶಕನ ಮೇಜಿಗೇ ಬರುವುದಿಲ್ಲ.

ಪತ್ತೇದಾರಿ ಕಾದಂಬರಿ ಯಾರನ್ನು ಶಂಕಿಸಬೇಕೆಂದು ಓದುಗನಿಗೆ ಕಲಿಸುತ್ತದೆ. ಐತಿಹಾಸಿಕ ಕಾದಂಬರಿ ಯಾರನ್ನು ನೆನೆದು ಹೆಮ್ಮೆಪಡಬೇಕೆಂದು ಕಲಿಸುತ್ತದೆ. ಇಷ್ಟು ದೊಡ್ಡ ಪಾಠಗಳನ್ನು ಹೇಳುವ ಪುಸ್ತಕಗಳನ್ನು ಪರೀಕ್ಷಿಸುವವರೇ ಇಲ್ಲದಿದ್ದರೆ ಏನಾಗುತ್ತದೆ?

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಸೀಮೆಯನ್ನೇ ನೋಡೋಣ. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಜನ್ಮಸ್ಥಳ. ಪಕ್ಕದ ಬಸವನ ಬಾಗೇವಾಡಿ ಬಸವಣ್ಣನವರದು. ಕಲ್ಯಾಣದ ಕ್ರಾಂತಿಯ ನಂತರ ವಚನದ ಕಟ್ಟುಗಳೊಂದಿಗೆ ಉಳವಿಯತ್ತ ಹೊರಟ ಶರಣರನ್ನು ಬೆನ್ನಟ್ಟಿದ ಸೈನ್ಯಕ್ಕೆ ಎದುರಾಗಿ ನಿಂತವರು ಮಾಚಿದೇವರು ಎನ್ನುತ್ತದೆ ಪರಂಪರೆ. ಬಟ್ಟೆ ಮಡಿ ಮಾಡುವ ಕಾಯಕದವರೊಬ್ಬರು ಗ್ರಂಥಗಳನ್ನು ಕಾಯಲು ಖಡ್ಗ ಹಿಡಿದ ಈ ಕಥೆಗಿಂತ ರೋಚಕವಾದದ್ದನ್ನು ಯಾವ ಕಾದಂಬರಿಕಾರ ಹೊಸದಾಗಿ ಹುಟ್ಟಿಸಬಲ್ಲ?

ಇದೇ ಕಥೆಯೊಳಗೆ ಒಂದು ಕೊಲೆಯ ರಹಸ್ಯವೂ ಇದೆ. ಕಲಚೂರಿ ಬಿಜ್ಜಳ ಕಲ್ಯಾಣದ ಸಿಂಹಾಸನ ಏರುವ ಮುನ್ನ ಇಂದಿನ ವಿಜಯಪುರ ಪ್ರದೇಶವನ್ನು ಒಳಗೊಂಡಿದ್ದ ತರ್ದವಾಡಿ ನಾಡನ್ನು ಆಳುತ್ತಿದ್ದ ಸಾಮಂತ. ಅವನ ಅಂತ್ಯ ಹೇಗಾಯಿತು? ವೀರಶೈವ ಪುರಾಣಗಳು ಜಗದೇವ ಮತ್ತು ಅವನ ಸಂಗಡಿಗರ ಕಡೆ ಕೈತೋರುತ್ತವೆ. ಜೈನ ಮೂಲದ ‘ಬಿಜ್ಜಳರಾಯ ಚರಿತೆ’ ವಿಷಪ್ರಯೋಗದ ಕಥೆ ಹೇಳುತ್ತದೆ. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಾಕ್ಷಿ ನುಡಿದವರೆಲ್ಲ ಘಟನೆಯ ಬಹುಕಾಲದ ನಂತರದವರು. ಈ ಯುಗವನ್ನು ಕುರಿತು ಬಿ. ಪುಟ್ಟಸ್ವಾಮಯ್ಯನವರು ಕಾದಂಬರಿಗಳ ಒಂದು ಮಾಲೆಯನ್ನೇ ರಚಿಸಿದರು. ಅದರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಅಕಾಡೆಮಿ ಪ್ರಶಸ್ತಿ ದೊರೆಯಿತು. ಇಂಥ ಕಾದಂಬರಿಯನ್ನು ವಿಮರ್ಶಿಸುವವನು ‘ಭಾಷೆ ಸೊಗಸಾಗಿದೆ’ ಎಂದರೆ ಸಾಲದು. ಶಾಸನ ಹೇಳಿದ್ದೆಷ್ಟು, ಪುರಾಣ ಸೇರಿಸಿದ್ದೆಷ್ಟು, ಲೇಖಕ ಕಲ್ಪಿಸಿದ್ದೆಷ್ಟು ಎಂಬುದನ್ನು ಬಿಡಿಸಿ ತೋರಿಸಬೇಕು. ಕಲ್ಪಿಸುವುದು ತಪ್ಪಲ್ಲ, ಕಲ್ಪಿತವನ್ನು ಓದುಗ ಚರಿತ್ರೆಯೆಂದೇ ನಂಬಿ ಜಗಳಕ್ಕೆ ನಿಲ್ಲುವಂತಾಗಬಾರದು.

ಅಪರಾಧ ಕಥನದ ಜವಾಬ್ದಾರಿ ಇನ್ನೂ ಹೆಚ್ಚಿನದು. ಅದಕ್ಕೂ ಉದಾಹರಣೆ ಈ ಸೀಮೆಯ ನೆರೆಯಲ್ಲೇ ಸಿಗುತ್ತದೆ. ಸುರಪುರ ಸಂಸ್ಥಾನದಲ್ಲಿ 1841ರಿಂದ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬ್ರಿಟಿಷರ ಪ್ರತಿನಿಧಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಎರಡೂ ಪ್ರಕಾರಗಳಲ್ಲಿ ಬರೆದವನು. ಬಿಜಾಪುರದ ಆದಿಲ್‌ಶಾಹಿ ಕಾಲವನ್ನು ಹಿನ್ನೆಲೆಯಾಗಿಸಿಕೊಂಡು ಆತ ‘ತಾರಾ’ (1863) ಬರೆದ. ಬ್ರಾಹ್ಮಣ ಬಾಲವಿಧವೆಯೊಬ್ಬಳಿಗೂ ಅಫ್ಜಲ್ ಖಾನನ ಮಗನಿಗೂ ನಡುವೆ ಅರಳುವ ಪ್ರೇಮದ ಕಥೆ ಅದು. ಚಾಂದಬೀಬಿಯನ್ನು ಕುರಿತ ಅವನ ಕಾದಂಬರಿ ಮರಣಾನಂತರ ಪ್ರಕಟವಾಯಿತು. ಆದರೆ ಅವನಿಗೆ ಮೊದಲು ಹೆಸರು ತಂದದ್ದು ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ 1839ರಲ್ಲಿ ಹೊರಬಂದ ಕಾದಂಬರಿ. ಇಂಗ್ಲೆಂಡಿನ ಓದುಗರು ಅದಕ್ಕೆ ಮುಗಿಬಿದ್ದರು.

ಅಂಥ ಬರಹಗಳು ‘ಹುಟ್ಟಾ ಅಪರಾಧಿ’ ಎಂಬ ಕಲ್ಪನೆಯನ್ನು ಓದುಗರ ಮನಸ್ಸಿನಲ್ಲಿ ಗಟ್ಟಿಗೊಳಿಸಿದವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅದೇ ಕಲ್ಪನೆಗೆ ಕಾನೂನಿನ ಮುದ್ರೆ ಒತ್ತಿತು. ಅದಕ್ಕೆ ಕಾದಂಬರಿಯೇ ಕಾರಣವೆಂದರೆ ಅತಿಯಾದೀತು. ಆದರೆ ಎರಡೂ ಬೆಳೆದದ್ದು ಒಂದೇ ಗಾಳಿಯಲ್ಲಿ. ಅಂಥ ಕಾಯ್ದೆಗಳಡಿ ಮುಂದೆ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲ್‌ಮೆಂಟ್’ಗಳು ಎದ್ದವು. ಅಲ್ಲಿ ಇಡೀ ಕುಟುಂಬಗಳು ಹಾಜರಿ ಹಾಕುತ್ತ ಬದುಕಿದವು. ಕಾಯ್ದೆ ರದ್ದಾದದ್ದು 1952ರಲ್ಲಿ. ಊರಲ್ಲಿ ಕಳವಾದರೆ ಮೊದಲು ಯಾವ ಕೇರಿಯ ಕಡೆ ನೋಡಬೇಕೆಂಬ ರೂಢಿ ಅಷ್ಟು ಸುಲಭವಾಗಿ ರದ್ದಾಗಲಿಲ್ಲ. ಆದ್ದರಿಂದ ಅಪರಾಧ ಕಾದಂಬರಿಯ ವಿಮರ್ಶಕ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇಲ್ಲಿ ಮೊದಲು ಅನುಮಾನಕ್ಕೆ ಗುರಿಯಾಗುವವರು ಯಾರು, ಏಕೆ?

ಎರಡನೆಯದು ಪ್ರಾಮಾಣಿಕತೆಯ ಪ್ರಶ್ನೆ. ಪತ್ತೇದಾರನಿಗೆ ಸಿಕ್ಕ ಸುಳಿವೆಲ್ಲ ಓದುಗನಿಗೂ ಸಿಕ್ಕಿದೆಯೇ? ಅಥವಾ ಹಿಂದೆ ಎಲ್ಲೂ ಸುಳಿಯದ ಒಬ್ಬನನ್ನು ಕೊನೆಯ ಅಧ್ಯಾಯದಲ್ಲಿ ತಂದು ಕೊಲೆಗಾರನೆಂದು ನಿಲ್ಲಿಸಿದ್ದಾರೆಯೇ? ಮೂರನೆಯದು ವಿವರದ ನಿಖರತೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಗೆ ಈಗ 103ನೆಯ ಕಲಂ. ಇಂದು ನಡೆಯುವ ಕಥೆಯಲ್ಲಿ ಇನ್‌ಸ್ಪೆಕ್ಟರ್ ಹೊಸ ಕೊಲೆ ಪ್ರಕರಣಕ್ಕೆ ಇನ್ನೂ ‘302’ ಹಾಕುತ್ತಿದ್ದರೆ ವಿಮರ್ಶಕ ಅದನ್ನು ಗುರುತಿಸಬೇಕು. ಇದಿಷ್ಟನ್ನೂ ಕೊಲೆಗಾರನ ಹೆಸರು ಬಯಲು ಮಾಡದೆ ಹೇಳುವುದು ಸುಲಭದ ಕೆಲಸವಲ್ಲ. ನವ್ಯ ಕವಿತೆಯ ವಿಮರ್ಶೆಗೆ ಬೇಕಾದಷ್ಟೇ ಎಚ್ಚರ ಇದಕ್ಕೂ ಬೇಕು.

ಶಾಸನ, ಪುರಾತತ್ವಗಳನ್ನು ರೋಚಕ ಕಥೆಗೆ ಹೆಣೆಯುವ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಿಗೆ ಈಚಿನ ದಶಕಗಳಲ್ಲಿ ದೊರೆತ ಓದುಗ ಬಳಗವನ್ನು ಕಂಡರೆ ಈ ಪ್ರಕಾರಗಳ ಹಸಿವು ಇಂಗಿಲ್ಲವೆಂಬುದು ಸ್ಪಷ್ಟ. ಪತ್ರಿಕೆಗಳು ತಿಂಗಳಿಗೆ ಒಂದಾದರೂ ಅಂಕಣವನ್ನು ಇವುಗಳಿಗೆ ಮೀಸಲಿಡಲಿ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಊರಿನ ಗ್ರಂಥಾಲಯದಲ್ಲಿ ಉಳಿದಿರುವ ಹಳೆಯ ಪತ್ತೇದಾರಿ, ಐತಿಹಾಸಿಕ ಕಾದಂಬರಿಗಳ ಪಟ್ಟಿ ಮಾಡಿಸಲಿ. ಅಗ್ಗದ ಕಾಗದದಲ್ಲಿ ಅಚ್ಚಾದ ಅವು ಹೆಚ್ಚು ಕಾಲ ಕಾಯಲಾರವು. ವಿದ್ಯಾರ್ಥಿಗಳು ಅವನ್ನು ಓದಿ, ತಕರಾರು ತೆಗೆದು ಬರೆಯಲಿ. ವಚನದ ಕಟ್ಟುಗಳಿಗಾಗಿ ಕಾದಾಡಿದವರನ್ನು ಇಂದಿಗೂ ನೆನೆಯುವ ನೆಲದಲ್ಲಿ, ಜನ ಓದಿ ಸವೆಸಿದ ಪುಸ್ತಕಗಳು ರದ್ದಿಯ ತಕ್ಕಡಿಗೆ ಹೋಗುವ ಮುನ್ನ ಯಾರಾದರೂ ಅವನ್ನು ತೆರೆದು ನೋಡಬೇಕು.