ಅಂಗಳದ ಹಸಿರಿಗೂ ಉಸಿರು ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಎರೆಭೂಮಿಯ ಊರುಗಳಲ್ಲಿ ಮನೆಯ ಮುಂದೆ ಸಣ್ಣದೊಂದು ಹುಲ್ಲುಹಾಸನ್ನು ಬೆಳೆಸಿದ ಗೃಹಸ್ಥರ ಅನುಭವ ಬಹುತೇಕ ಒಂದೇ. ಮೊದಲ ವರ್ಷ ಕಣ್ಣಿಗೆ ತಂಪೆನಿಸಿದ ಹಸಿರು ಬರಬರುತ್ತ ಹಳದಿಗೆ ತಿರುಗುತ್ತದೆ. ಮಳೆ ಬಂದರೆ ನೀರು ನಿಲ್ಲುತ್ತದೆ. ಬೇಸತ್ತು ಅದನ್ನು ಕಿತ್ತು ಫರಸಿ ಹಾಸಿಸುವವರುಂಟು. ಫರಸಿಯ ಅಂಗಳದಲ್ಲಿ ಮಳೆನೀರು ಭೂಮಿಗೆ ಇಳಿಯದು. ಮಕ್ಕಳು ಆಡುವ, ಹಿರಿಯರು ಕೂಡುವ ತಾಣ ಬೇಸಿಗೆಯಲ್ಲಿ ಕಾದ ಹಂಚಾಗುವುದು. ಆದುದರಿಂದ ಆ ನಿರ್ಧಾರಕ್ಕೆ ಮುನ್ನ ಮಣ್ಣಿನ ಸ್ವಭಾವವನ್ನು ಅರಿಯುವುದು ಉಚಿತ.

ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮ. ನೀರುಂಡಾಗ ಉಬ್ಬಿ ರಂಧ್ರಗಳನ್ನು ಮುಚ್ಚುತ್ತವೆ. ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಹೊಲದಲ್ಲಿ ಈ ಬಿರುಕುಗಳೇ ನೆಲದ ಉಸಿರು. ಅಂಗಳದಲ್ಲಾದರೋ ನಿತ್ಯ ನೀರುಣಿಸಿ, ಹಸಿನೆಲದ ಮೇಲೆ ನಡೆದಾಡಿ, ಆ ಉಸಿರನ್ನು ನಾವೇ ಕಟ್ಟುತ್ತೇವೆ. ಬೇರುಗಳಿಗೂ ಪ್ರಾಣವಾಯು ಬೇಕೆಂಬುದನ್ನು ಮರೆಯುತ್ತೇವೆ.

ಪರಿಹಾರ ಕಠಿಣವಲ್ಲ, ಆದರೆ ಹದವರಿತು ಮಾಡಬೇಕು. ಮುಂಗಾರಿನಲ್ಲಿ ಹುಲ್ಲು ಚಿಗುರುವಾಗ, ಮಳೆ ಬಿಡುವು ಕೊಟ್ಟ ದಿನ ಒಂದು ಹಿಡಿ ಮಣ್ಣನ್ನು ಅಮುಕಿ ನೋಡಿರಿ. ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾದರೆ ಹದ ಬಂದಿದೆ. ಕೈಗೆ ಅಂಟಿದರೆ ಕಾಯಿರಿ. ಹಸಿನೆಲವನ್ನು ಚುಚ್ಚಿದರೆ ರಂಧ್ರದ ಗೋಡೆ ಮೆತ್ತಿಕೊಂಡು ಮತ್ತಷ್ಟು ಬಿಗಿಯುವುದು. ಸಲಾಕೆಗಿಂತ ಬಾಯಿ ಹರಿತವಾದ ಅರ್ಧ ಇಂಚಿನ ಕಬ್ಬಿಣದ ಕೊಳವೆ ಮೇಲು: ಸಲಾಕೆ ಮಣ್ಣನ್ನು ಬದಿಗೆ ಒತ್ತುತ್ತದೆ, ಕೊಳವೆ ಹೊರತೆಗೆಯುತ್ತದೆ. 3ರಿಂದ 4 ಇಂಚು ಆಳಕ್ಕೆ, 4ರಿಂದ 6 ಇಂಚು ಅಂತರದಲ್ಲಿ ರಂಧ್ರ ಮಾಡಿ, ಚೆನ್ನಾಗಿ ಕಳಿತು ಜರಡಿ ಹಿಡಿದ ತಿಪ್ಪೆಗೊಬ್ಬರವನ್ನು ಹರಡಿ, ಪೊರಕೆಯಿಂದ ರಂಧ್ರಗಳೊಳಗೆ ಇಳಿಸಿರಿ. ಮೇಲೆ ಉಳಿಯುವ ಗೊಬ್ಬರ ಕಾಲು ಇಂಚು ಮೀರದಿರಲಿ. ಪ್ರತಿವರ್ಷ ಹೀಗೆ ಮಾಡುತ್ತ ಹೋದಂತೆ ಮಣ್ಣು ಸಡಿಲವಾಗುವುದು; ಒಂದೇ ಸಲಕ್ಕೆ ಫಲವನ್ನು ಬಯಸಲಾಗದು.

ಎರಡು ತಪ್ಪುಗಳಿಂದ ದೂರವಿರಬೇಕು. ಕೊಂಚ ಮರಳು ಬೆರೆಸಿದ ಮಾತ್ರಕ್ಕೆ ಎರೆಮಣ್ಣು ಹಗುರಾಗದು. ಮರಳಿನ ಸಂದುಗಳಲ್ಲಿ ಜೇಡಿ ತುಂಬಿ ನೆಲ ಗಟ್ಟಿಯಾಗಬಹುದು. ಜಿಪ್ಸಂ ಉಪಕಾರಿಯಾಗುವುದು ಮುಖ್ಯವಾಗಿ ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ. ಮಣ್ಣು ಪರೀಕ್ಷೆಯಿಲ್ಲದೆ ಅದನ್ನು ಹಾಕುವುದು ವ್ಯರ್ಥ ವೆಚ್ಚ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವು ನಮಗೆ ಸಮೀಪದಲ್ಲಿಯೇ ಇದ್ದು, ಅಲ್ಲಿನ ತಜ್ಞರನ್ನು ವಿಚಾರಿಸಬಹುದು.

ಇನ್ನು ನೀರಿನ ಮಾತು. ಅತಿಯಾಗಿ ಹಾಯಿಸಿದ ನೀರಿನಿಂದ ಘಟಪ್ರಭಾ ಕಾಲುವೆಯ ಕೆಳಗಿನ ಹೊಲಗಳು ಸವಳಾದುದನ್ನು ನಮ್ಮ ರೈತರು ಬಲ್ಲರು. ಅಂಗಳಕ್ಕೂ ಅದೇ ಪಾಠ: ನಿತ್ಯ ಚಿಮುಕಿಸುವುದಕ್ಕಿಂತ ಮೇಲ್ಮಣ್ಣು ಆರಿದ ಬಳಿಕ ಆಳಕ್ಕಿಳಿಯುವಂತೆ ಉಣಿಸುವುದು ಲೇಸು. ನಮ್ಮ ಕರಿಕೆ ಹುಲ್ಲು ಅಷ್ಟರಲ್ಲಿಯೇ ತೃಪ್ತಿಗೊಂಡು ಹಬ್ಬುವುದು. ನೆಲಕ್ಕೆ ಉಸಿರಾಡಲು ಅವಕಾಶವಿತ್ತರೆ ಅಂಗಳದ ಹಸಿರನ್ನು ಕೀಳುವ ಪ್ರಸಂಗವೇ ಬಾರದು.