ಅಪರೂಪದ ಡಾವು ದಂಡವಲ್ಲ

ಬೀದರ್ ಜಿಲ್ಲೆಯ ನಿರ್ಣಾ, ಹುಮನಾಬಾದ್, ಬಸವಕಲ್ಯಾಣದ ಕಡೆ ಜಾತ್ರೆ ಎಂದರೆ ತೇರಿನ ಜೊತೆಗೆ ಕುಸ್ತಿಯೂ ಇರಬೇಕು. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುತ್ತದೆ. ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದ ಪೈಲ್ವಾನರೂ ಬರುತ್ತಾರೆ. ಅಖಾಡದ ಸುತ್ತ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ಉಸ್ತಾದರೇ. ಯಾರಾದರೂ ಕಲಾಜಂಗ್ ಹಾಕಲು ಹೋಗಿ ಸಿಕ್ಕಿಬಿದ್ದರೆ, ‘ಇದೆಲ್ಲ ಯಾಕ್ ಬೇಕಿತ್ತು? ಸೀದಾ ಪಟ್ ಹೊಡೀಬೇಕಿತ್ತು’ ಎಂಬ ತೀರ್ಪು ಕೂಡಲೇ ಬಂದುಬಿಡುತ್ತದೆ.

ಪಟ್ ಅಂದರೆ ಎದುರಾಳಿಯ ಒಂದು ಅಥವಾ ಎರಡೂ ಕಾಲಿಗೆ ಕೈಹಾಕಿ ಕೆಡವುವ ದಿನನಿತ್ಯದ ಡಾವು. ಕಲಾಜಂಗ್, ಢಾಕ್, ಧೋಬಿ ಪಛಾಡ್, ಫಿತೇಲೆ ಇವೆಲ್ಲ ಹಾಗಲ್ಲ. ಎದುರಾಳಿಯ ಕೈ, ಕಾಲು, ಭಾರ ಒಂದು ನಿರ್ದಿಷ್ಟ ರೀತಿಯಲ್ಲಿ ಇದ್ದಾಗ ಮಾತ್ರ ಹತ್ತುವ ಡಾವುಗಳು. ಇವುಗಳ ಬಗ್ಗೆ ಅಖಾಡದ ಒಳಗೂ ಹೊರಗೂ ಇರುವ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ 1: ಹಿಂದಿನವರದು ಬರೀ ಮೈಬಲದ ಕುಸ್ತಿ. ಡಾವು-ಪೇಚು ಈಚೆಗೆ ಬಂದದ್ದು.

ವಾಸ್ತವ: ಇದಕ್ಕೆ ಉತ್ತರ ಬಸವಕಲ್ಯಾಣದಲ್ಲೇ ಇದೆ. ಅಲ್ಲಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರ ‘ಮಲ್ಲವಿನೋದ’ ಭಾಗದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿಗೆ ತಕ್ಕಂತೆ ವಿಂಗಡಿಸಿದ್ದಾನೆ. ಅವರಿಗೆ ಕೊಡಬೇಕಾದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಯ ಲೆಕ್ಕವಿದೆ, ಸಾಧನೆಯ ಕ್ರಮವಿದೆ, ಪಟ್ಟುಗಳ ಹೆಸರುಗಳೂ ಇವೆ. ಎಲ್ಲ ಪಟ್ಟೂ ಎಲ್ಲ ಹೊತ್ತಿಗೂ ನಡೆಯುವಂತಿದ್ದರೆ ಹೆಸರಿಟ್ಟು ಪಟ್ಟಿ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ತಪ್ಪು ಕಲ್ಪನೆ 2: ಅವಕಾಶ ತಾನಾಗಿ ಬರುತ್ತದೆ, ಪೈಲ್ವಾನ ಕಾಯುತ್ತ ಇರಬೇಕು.

ವಾಸ್ತವ: ಕಾಯುತ್ತ ನಿಂತವನಿಗೆ ಅವಕಾಶ ಬರುವ ಹೊತ್ತಿಗೆ ಕುಸ್ತಿ ಮುಗಿದಿರುತ್ತದೆ. ಅವಕಾಶವನ್ನು ಹುಟ್ಟಿಸಬೇಕು. ಕಲಾಜಂಗ್ ಅನ್ನೇ ಬಿಡಿಸಿ ನೋಡಿ. ಎದುರಾಳಿ ನಿಮ್ಮ ಕುತ್ತಿಗೆಯ ಮೇಲೆ ಕೈ ಹಾಕಿ ಭಾರ ಬಿಟ್ಟಿದ್ದಾನೆ. ನೀವು ಎಡಗೈಯಿಂದ ಅವನ ಆ ತೋಳನ್ನು ಮೊಣಕೈ ಮೇಲ್ಗಡೆ ಬಿಗಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುತ್ತೀರಿ. ಅದೇ ಗಳಿಗೆಯಲ್ಲಿ ಮಂಡಿಯೂರಿ, ತಲೆಯನ್ನು ಅವನ ಕಂಕುಳ ಕೆಳಗೆ ತೂರಿಸಿ, ಬಲಗೈಯನ್ನು ಅವನ ತೊಡೆಗಳ ನಡುವೆ ಹಾಕುತ್ತೀರಿ. ಅವನು ನಿಮ್ಮ ಹೆಗಲ ಮೇಲೆ ಅಡ್ಡಡ್ಡ ಬೀಳುತ್ತಾನೆ. ತೋಳು ಬಿಡದೆ ಎಡಕ್ಕೆ ವಾಲಿದರೆ ಬೆನ್ನು ನೆಲಕ್ಕೆ.

ಇಷ್ಟಕ್ಕೂ ಮೂಲ ಅವನ ಭಾರ ಮುಂದೆ ಬಂದದ್ದು. ಆ ಭಾರವನ್ನು ತರಿಸುವುದು ನಿಮ್ಮ ಕೆಲಸ. ನೀವು ಎರಡು ಹೆಜ್ಜೆ ಒತ್ತಿದರೆ ಅವನು ವಾಪಸು ಒತ್ತುತ್ತಾನೆ. ಆ ವಾಪಸು ಒತ್ತಡವೇ ನಿಮಗೆ ಬೇಕಾದದ್ದು. ತಾಲೀಮಿನಲ್ಲಿ ಎತ್ತುವುದನ್ನಷ್ಟೇ ಕಲಿತು ಒತ್ತುವುದನ್ನು ಕಲಿಯದವನಿಗೆ ಕಲಾಜಂಗ್ ಗೊತ್ತಿದ್ದೂ ಇಲ್ಲದಂತೆಯೇ.

ತಪ್ಪು ಕಲ್ಪನೆ 3: ಹತ್ತದೇ ಹೋದ ಡಾವು ವ್ಯರ್ಥ.

ವಾಸ್ತವ: ಒಮ್ಮೆ ಕಲಾಜಂಗ್‌ಗೆ ಹೋಗಿ ಅರ್ಧಕ್ಕೆ ಬಿಟ್ಟರೂ ಎದುರಾಳಿಗೆ ಎಚ್ಚರವಾಗುತ್ತದೆ. ಮುಂದೆ ಅವನು ಕುತ್ತಿಗೆಗೆ ಕೈ ಹಾಕಲು ಹಿಂಜರಿಯುತ್ತಾನೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುತ್ತಾನೆ, ಸೊಂಟ ನೆಟ್ಟಗೆ ಮಾಡುತ್ತಾನೆ. ನೆಟ್ಟಗೆ ನಿಂತವನ ಕಾಲು ಪಟ್‌ಗೆ ಸಲೀಸು. ನೋಡುವವರಿಗೆ ಪಟ್‌ನಿಂದ ಗೆದ್ದಂತೆ ಕಾಣುತ್ತದೆ. ಆ ಕಾಲನ್ನು ತೆರೆದು ಕೊಟ್ಟದ್ದು ಮೊದಲು ತಪ್ಪಿದ ಕಲಾಜಂಗ್. ಹೀಗೆ ಎರಡು ಡಾವುಗಳನ್ನು ಬೆಸೆದು ಕಲಿತವನಿಗೆ, ಒಂದಕ್ಕೆ ಎದುರಾಳಿ ಕೊಡುವ ಉತ್ತರವೇ ಇನ್ನೊಂದಕ್ಕೆ ದಾರಿಯಾಗುತ್ತದೆ.

ತಪ್ಪು ಕಲ್ಪನೆ 4: ದೊಡ್ಡ ಕುಸ್ತಿಯಲ್ಲಿ ಇಂಥ ಡಾವಿಗೆ ಜಾಗವಿಲ್ಲ.

ವಾಸ್ತವ: 2012ರ ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್‌ನ 60 ಕೆ.ಜಿ. ವಿಭಾಗದ ಕಂಚಿನ ಕುಸ್ತಿ. ಯೋಗೇಶ್ವರ ದತ್ ಎದುರು ಉತ್ತರ ಕೊರಿಯಾದ ರಿ ಜೊಂಗ್ ಮ್ಯೊಂಗ್. ಯೋಗೇಶ್ವರ ಅವರ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮೊದಲ ಸುತ್ತು 0-1ರಿಂದ ಹೋಯಿತು, ಎರಡನೆಯದು 1-0ರಿಂದ ಬಂತು. ಮೂರನೆಯದರಲ್ಲಿ ಅವರು ಫಿತೇಲೆ ಹಾಕಿದರು. ಬೋರಲು ಬಿದ್ದವನ ಎರಡೂ ಪಾದಗಳನ್ನು ಒಂದರ ಮೇಲೊಂದು ಹೆಣೆದು, ತಬ್ಬಿ ಹಿಡಿದು, ತಾನೂ ಉರುಳುತ್ತ ಅವನನ್ನೂ ಉರುಳಿಸುವ ಡಾವು ಅದು. ಒಮ್ಮೆ ಪಾದ ಹೆಣೆದುಕೊಂಡ ಮೇಲೆ ಎದುರಾಳಿಗೆ ತಪ್ಪಿಸಿಕೊಳ್ಳಲು ಆಧಾರವೇ ಸಿಗಲಿಲ್ಲ. ಸುತ್ತು 6-0, ಪದಕ ಯೋಗೇಶ್ವರ ಅವರದು. ನಿಂತವನ ಮೇಲೆ ಫಿತೇಲೆ ಹಾಕಲು ಬರುವುದಿಲ್ಲ. ಬೋರಲು ಬಿದ್ದು, ಕಾಲು ಜೋಡಿಸಿಕೊಂಡವನ ಮೇಲೆ ಅದಕ್ಕಿಂತ ದೊಡ್ಡ ಅಸ್ತ್ರ ಕಡಿಮೆ.

ಹಾಗಂತ ಪಟ್ ಅನ್ನು ಕೀಳು ಮಾಡುವಂತಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಿರ್ಗಿಸ್ತಾನದ ಐಸುಲು ಟಿನಿಬೆಕೋವಾ ಎದುರು 0-5 ಹಿಂದಿದ್ದ ಸಾಕ್ಷಿ ಮಲಿಕ್ 8-5ರಿಂದ ಗೆದ್ದದ್ದು ಎರಡೂ ಕಾಲಿಗೆ ಹಾಕಿದ ಪಟ್‌ನಿಂದಲೇ. ದಿನನಿತ್ಯದ ಡಾವು ಗಟ್ಟಿಯಿದ್ದರೆ ಮಾತ್ರ ಅಪರೂಪದ್ದಕ್ಕೂ ಬೆಲೆ. ಎದುರಾಳಿಯನ್ನು ಬೋರಲು ಕೆಡವದೆ ಫಿತೇಲೆ ಎಲ್ಲಿಂದ ಬರಬೇಕು?

ತಪ್ಪು ಕಲ್ಪನೆ 5: ಮಣ್ಣಿನಲ್ಲಿ ನಡೆದದ್ದು ಮ್ಯಾಟ್ ಮೇಲೂ ನಡೆಯುತ್ತದೆ. ಇಲ್ಲವೇ, ಮಣ್ಣಿನ ಡಾವು ಮ್ಯಾಟ್ ಮೇಲೆ ನಡೆಯುವುದೇ ಇಲ್ಲ.

ವಾಸ್ತವ: ಎರಡೂ ತಪ್ಪು. ಡಾವು ಅದೇ, ಲೆಕ್ಕ ಬೇರೆ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಚಿತ್ ಆದರೆ ಗೆಲುವು, ಇಲ್ಲದಿದ್ದರೆ ಇಲ್ಲ. ಒಂದು ಭುಜ ನೆಲಕ್ಕೆ ತಾಗಿ ಇನ್ನೊಂದು ಮೇಲಿದ್ದರೆ ಪಂಚರು ಕೈ ಎತ್ತುವುದಿಲ್ಲ. ಮ್ಯಾಟ್ ಮೇಲೆ ಬೆನ್ನು ಕೆಳಮುಖವಾಗಿ ವಾಲಿದರೇ 2 ಅಂಕ. ನಿಂತಲ್ಲಿಂದ ಎತ್ತಿ ನೇರ ಬೆನ್ನ ಮೇಲೆ ಹಾಕಿದರೆ 4. ಎದುರಾಳಿಯ ಕಾಲು ಗೆರೆ ದಾಟಿದರೂ 1. ಹಾಗಾಗಿ ಜಾತ್ರೆಯಲ್ಲಿ ಚಿತ್ ಆಗದೆ ತಪ್ಪಿಹೋದ ಕಲಾಜಂಗ್ ಮ್ಯಾಟ್ ಮೇಲೆ ಕುಸ್ತಿಯನ್ನೇ ತಿರುಗಿಸಬಹುದು.

ಹಿಡಿತದ್ದೂ ಹಾಗೆಯೇ. ಅಖಾಡದಲ್ಲಿ ಎದುರಾಳಿಯ ತೋಳಿಗೆ, ಕುತ್ತಿಗೆಗೆ ಒಂದು ಹಿಡಿ ಮಣ್ಣು ಸವರಿದರೆ ಕೈ ಜಾರುವುದಿಲ್ಲ, ಲಂಗೋಟಿ ಹಿಡಿಯಲೂ ಬಿಡುತ್ತಾರೆ. ಮ್ಯಾಟ್ ಮೇಲೆ ಮಣ್ಣಿಲ್ಲ, ಉಡುಪು ಹಿಡಿಯುವಂತಿಲ್ಲ, ಬೆವರು ಬಂದರೆ ತೋಳು ಜಾರುತ್ತದೆ. ತೋಳಿನ ಹಿಡಿತವನ್ನೇ ನಂಬಿದ ಡಾವನ್ನು ಅಲ್ಲಿ ಬೆವರು ಇಳಿಯುವ ಮುನ್ನ ಹಾಕಬೇಕು.

ಕರಾಡ್ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಬೆಳೆದವರು, ಢಾಕ್ ಅವರ ಹೆಸರಾದ ಡಾವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟೂ ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆರನೇ ಸ್ಥಾನಕ್ಕೆ ನಿಂತರು. 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು.

ತಪ್ಪು ಕಲ್ಪನೆ 6: ಬಂದ ಡಾವನ್ನು ಸಿಕ್ಕಾಗಲೆಲ್ಲ ಹಾಕಬೇಕು.

ವಾಸ್ತವ: ಕಲಾಜಂಗ್‌ಗೆ ಮಂಡಿಯೂರಿದಾಗ ಎದುರಾಳಿ ಕಾಲು ಹಿಂದಕ್ಕೆ ಚಾಚಿ ಮೈಭಾರ ಹಾಕಿದರೆ ನೀವು ಅವನ ಅಡಿ. ಅಂಕದಲ್ಲಿ ಮುಂದಿರುವವನಿಗೆ ಈ ಅಪಾಯ ಬೇಡ. ಹಿಂದೆ ಬಿದ್ದು ಸಮಯ ಮುಗಿಯುತ್ತಿರುವವನಿಗೆ ಬೇಕು. ಟೋಕಿಯೊ ಒಲಿಂಪಿಕ್ಸ್‌ನ 57 ಕೆ.ಜಿ. ಸೆಮಿಫೈನಲ್‌ನಲ್ಲಿ ರವಿ ದಹಿಯಾ ಕಜಕಸ್ತಾನದ ನುರಿಸ್ಲಾಂ ಸನಾಯೆವ್‌ಗಿಂತ 2-9 ಹಿಂದಿದ್ದರು. ಒಂದೆರಡು ಅಂಕಕ್ಕೆ ಆಡಿದ್ದರೆ ಸಾಲುತ್ತಿರಲಿಲ್ಲ. ಕೊನೆಯ ನಿಮಿಷದಲ್ಲಿ ಎದುರಾಳಿಯನ್ನು ಚಿತ್ ಮಾಡಿಯೇ ಫೈನಲ್ ಸೇರಿದರು.

ಈ ಜಾತ್ರೆಗೆ ತಾಲೀಮು ಮಾಡುತ್ತಿರುವ ಹುಡುಗರಿಗೂ, ಕಲಿಸುವ ಉಸ್ತಾದರಿಗೂ ಹೇಳುವುದಿಷ್ಟೇ. ಹತ್ತು ಡಾವುಗಳ ಹೆಸರು ಬಾಯಿಪಾಠ ಬೇಡ. ಪಟ್ ಗಟ್ಟಿ ಮಾಡಿಕೊಳ್ಳಿ. ಆಮೇಲೆ ನಿಮ್ಮ ಎತ್ತರ, ಮೈಕಟ್ಟಿಗೆ ಒಪ್ಪುವ ಒಂದೇ ಒಂದು ಅಪರೂಪದ ಡಾವು ಆರಿಸಿಕೊಳ್ಳಿ. ಅದಕ್ಕೆ ಎದುರಾಳಿಯನ್ನು ಹೇಗೆ ತರಬೇಕು, ತಪ್ಪಿದರೆ ಯಾವುದಕ್ಕೆ ತಿರುಗಬೇಕು, ಯಾವಾಗ ಹಾಕಲೇಬಾರದು, ಈ ಮೂರನ್ನೂ ಜೊತೆಗೇ ಕಲಿಯಿರಿ. ಅಷ್ಟು ಕಲಿತವನ ಕೈಯಲ್ಲಿ ಯಾವ ಡಾವೂ ದಂಡವಾಗುವುದಿಲ್ಲ.